ಈವಾ ಹೆಸ್ಸೆ: ನಶ್ವರ ದ್ರವ್ಯದ ಶಿಲ್ಪಿ

ಶಿಲ್ಪವೆಂದರೆ ಕಾಲವನ್ನು ಎದುರಿಸಿ ನಿಲ್ಲುವ ರಚನೆ ಎಂಬ ತಿಳಿವಳಿಕೆ ಕಲಾಚರಿತ್ರೆಯಲ್ಲಿ ಬಹುಕಾಲ ಪ್ರಬಲವಾಗಿತ್ತು. ಕಲ್ಲು ಮತ್ತು ಕಂಚು ಶಿಲ್ಪದ ಮಾನ್ಯ ದ್ರವ್ಯಗಳಾಗಿ ಉಳಿದುದಕ್ಕೆ ಇದೂ ಒಂದು ಕಾರಣ. 1960ರ ದಶಕದಲ್ಲಿ ಈ ತಿಳಿವಳಿಕೆಯನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ಶಿಲ್ಪಿ ಈವಾ ಹೆಸ್ಸೆ ಪ್ರಮುಖರು. ಅವರ ದ್ರವ್ಯದ ಆಯ್ಕೆಯನ್ನು ಅವರ ದುರಂತ ಬದುಕಿನ ಪ್ರತಿಬಿಂಬವೆಂದಷ್ಟೇ ಓದುವುದು ಎಷ್ಟು ಸರಿ ಎಂಬುದು ಇಲ್ಲಿನ ಪ್ರಶ್ನೆ.

ಹೆಸ್ಸೆ 1936ರ ಜನವರಿ 11ರಂದು ಜರ್ಮನಿಯ ಹ್ಯಾಂಬರ್ಗ್ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ನಾಜಿಗಳ ಹಿಂಸೆ ತೀವ್ರಗೊಂಡಾಗ, 1938ರಲ್ಲಿ, ಅವರನ್ನೂ ಅವರ ಅಕ್ಕನನ್ನೂ ಮಕ್ಕಳನ್ನು ಪಾರುಮಾಡುವ ರೈಲಿನಲ್ಲಿ ನೆದರ್‌ಲೆಂಡ್ಸ್‌ಗೆ ಕಳುಹಿಸಲಾಯಿತು. ಮುಂದೆ ಒಂದುಗೂಡಿದ ಕುಟುಂಬವು ಇಂಗ್ಲೆಂಡಿನ ಮೂಲಕ 1939ರಲ್ಲಿ ನ್ಯೂಯಾರ್ಕ್ ತಲುಪಿತು. ತಂದೆತಾಯಿಗಳು ಬೇರ್ಪಟ್ಟರು, 1946ರಲ್ಲಿ ತಾಯಿ ಆತ್ಮಹತ್ಯೆ ಮಾಡಿಕೊಂಡರು. ಕೂಪರ್ ಯೂನಿಯನ್‌ನಲ್ಲಿ, ಆನಂತರ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಬರ್ಸ್ ಅವರ ಬಳಿ ಅಭ್ಯಾಸ ಮಾಡಿದ ಹೆಸ್ಸೆ 1959ರಲ್ಲಿ ಪದವಿ ಪಡೆದರು. ಆಗ ಅವರು ಚಿತ್ರಕಲಾವಿದೆ.

1964ರಲ್ಲಿ ಪತಿ, ಶಿಲ್ಪಿ ಟಾಮ್ ಡಾಯ್ಲ್ ಅವರೊಂದಿಗೆ ಜರ್ಮನಿಯ ಕೆಟ್‌ವಿಗ್‌ಗೆ ಹೋದದ್ದು ಅವರ ಕಲಾಜೀವನದ ತಿರುವು. ಬಳಕೆ ತಪ್ಪಿದ್ದ ಜವಳಿ ಕಾರ್ಖಾನೆಯ ಭಾಗವೊಂದು ಅವರ ಕಾರ್ಯಶಾಲೆಯಾಯಿತು. ಅಲ್ಲಿ ಬಿದ್ದಿದ್ದ ಹುರಿ, ತಂತಿ, ಯಂತ್ರದ ಬಿಡಿಭಾಗಗಳು ಚಿತ್ರಫಲಕಕ್ಕೆ ಅಂಟಿದವು. ರೇಖೆಯು ಹುರಿಯಾಗಿ ಫಲಕದಿಂದ ಹೊರಬಂದಿತು.

ನ್ಯೂಯಾರ್ಕ್‌ನಲ್ಲಿ ಆಗ ಕನಿಷ್ಠತಾವಾದದ ಕಾಲ. ಡೊನಾಲ್ಡ್ ಜಡ್ ಮೊದಲಾದವರು ಕಾರ್ಖಾನೆಯಲ್ಲಿ ಸಿದ್ಧವಾದ, ಕೈಗುರುತು ಕಾಣದ ಜ್ಯಾಮಿತೀಯ ಆಕಾರಗಳನ್ನು ಮಂಡಿಸುತ್ತಿದ್ದರು. ಹೆಸ್ಸೆ ಘನಾಕೃತಿಯನ್ನೂ ಪುನರಾವರ್ತನೆಯನ್ನೂ ಉಳಿಸಿಕೊಂಡು ಅವುಗಳ ನಿರ್ಲಿಪ್ತತೆಯನ್ನು ಕದಡಿದರು. 'ಆಕ್ಸೆಷನ್ 2' (1968) ಹೊರಗಿನಿಂದ ಉಕ್ಕಿನ ಪೆಟ್ಟಿಗೆ. ಅದರ ಸಾವಿರಾರು ರಂಧ್ರಗಳಲ್ಲಿ ಕೈಯಿಂದ ಪೋಣಿಸಿದ ಕೊಳವೆಗಳ ತುದಿಗಳು ಒಳಗೆ ದಟ್ಟ ರೋಮದಂತೆ ಚಾಚಿಕೊಂಡಿವೆ. 'ರಿಪಿಟಿಷನ್ ನೈನ್‌ಟೀನ್ 3' (1968) ಕೃತಿಯ 19 ಫೈಬರ್‌ಗ್ಲಾಸ್ ಪಾತ್ರೆಗಳಲ್ಲಿ ಒಂದು ಮತ್ತೊಂದರಂತಿಲ್ಲ. ಈ ಪ್ರವೃತ್ತಿಗೆ 'ಉತ್ತರ ಕನಿಷ್ಠತಾವಾದ' ಎಂಬ ಅರ್ಥದ ಹೆಸರನ್ನು ವಿಮರ್ಶಕ ರಾಬರ್ಟ್ ಪಿಂಕಸ್-ವಿಟನ್ 1971ರಲ್ಲಿ ಹೆಸ್ಸೆಯವರನ್ನು ಕುರಿತ ಬರೆಹದಲ್ಲಿ ಬಳಸಿದರು.

1969ರ ಏಪ್ರಿಲ್‌ನಲ್ಲಿ ಹೆಸ್ಸೆಯವರಿಗೆ ಮೆದುಳಿನ ಗೆಡ್ಡೆ ಇರುವುದು ತಿಳಿಯಿತು. ಮೂರು ಶಸ್ತ್ರಚಿಕಿತ್ಸೆಗಳ ಬಳಿಕ, 1970ರ ಮೇ 29ರಂದು, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕುಸಿಯುವ, ಜೋಲುವ ಅವರ ಆಕಾರಗಳಲ್ಲಿ ಸಾವಿನ ನೆರಳನ್ನು ಕಾಣುವ ಓದು ಇದರಿಂದ ಬಲಗೊಂಡಿತು. ಆದರೆ ಕಾಲಾನುಕ್ರಮವು ಈ ಓದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ರಬ್ಬರ್ ಹಾಲಾದ ಲ್ಯಾಟೆಕ್ಸನ್ನು ಅವರು ಕೈಗೆತ್ತಿಕೊಂಡದ್ದು 1967ರಲ್ಲಿ. ಬಟ್ಟೆಗೆ ಲ್ಯಾಟೆಕ್ಸ್ ಲೇಪಿಸಿ, ತುದಿಗಳನ್ನು ಫೈಬರ್‌ಗ್ಲಾಸ್‌ನಲ್ಲಿ ಹುದುಗಿಸಿ, ಎಂಟು ಹಾಳೆಗಳನ್ನು ತೂಗುಬಿಟ್ಟ 'ಕಂಟಿಂಜೆಂಟ್' 1969ರಲ್ಲಿ ಮುಗಿದರೂ ಆರಂಭವಾದದ್ದು ರೋಗ ಪತ್ತೆಯಾಗುವ ಮುನ್ನ. ಪದರದ ಮೇಲೆ ಪದರವಾಗಿ ಬಳಿಯಬಹುದಾದ, ಒಣಗುವಾಗ ತನ್ನ ರೂಪವನ್ನು ತಾನೂ ಭಾಗಶಃ ನಿರ್ಧರಿಸುವ ದ್ರವ್ಯ ಅವರಿಗೆ ಬೇಕಾಗಿತ್ತು.

ಲ್ಯಾಟೆಕ್ಸ್ ಬಾಳುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಕೊಳ್ಳುವವರ ಬಗ್ಗೆ ಅಳುಕೂ ಇತ್ತು. ಬೆಳಕು ಮತ್ತು ಗಾಳಿಗೆ ಅದು ಕಪ್ಪಾಗಿ, ಬಿರುಸಾಗಿ ಬಿರಿಯುತ್ತದೆ. ನ್ಯೂಯಾರ್ಕ್‌ನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದ 'ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಷನ್' (1969) ದಶಕಗಳ ಕಾಲ ಪ್ರದರ್ಶನದಿಂದ ದೂರವಿದ್ದು, ಸಂರಕ್ಷಣೆಯ ನಂತರ 2022ರಲ್ಲಿ ಮತ್ತೆ ಕಾಣಿಸಿಕೊಂಡಿತು. ಅಂದು ನೋಡುಗರ ಎದುರಿಗಿದ್ದುದು 1969ರ ಮೆದು, ಅರೆಪಾರದರ್ಶಕ ಹಾಸಲ್ಲ, ಬಣ್ಣಗೆಟ್ಟು ಗಡುಸಾದ ಹಾಸು. ಹೆಸ್ಸೆಯವರ ಕೃತಿಯನ್ನು ಅಧ್ಯಯನ ಮಾಡುವವರು ಛಾಯಾಚಿತ್ರದಲ್ಲಿ ಉಳಿದ ಮೊದಲ ರೂಪವನ್ನೂ ಎದುರಿಗಿರುವ ರೂಪವನ್ನೂ ಒಟ್ಟಿಗೆ ಇರಿಸಿಕೊಳ್ಳಬೇಕಾಗುತ್ತದೆ. ಈ ಬದಲಾವಣೆ ಕೃತಿಗೆ ಹೊರಗಿನಿಂದ ಬಂದ ಅಪಘಾತವಲ್ಲ. ಅವರು ತಿಳಿದೇ ಆರಿಸಿಕೊಂಡ ದ್ರವ್ಯದ ಗುಣ.