ಕರಪಾತ್ರದ ಮಹಾಮುನಿ: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಬೆಳಗಾವಿ ಸೀಮೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಜನಿಸಿದರು. ತಂದೆ ಭೀಮಗೌಡರು, ತಾಯಿ ಸತ್ಯವತಿ. ಪೂರ್ವಾಶ್ರಮದ ಹೆಸರು ಸಾತಗೌಡ. ತಂದೆತಾಯಿಗಳ ಕಾಲಾನಂತರವೇ ಮನೆಯನ್ನು ತೊರೆದು ಕ್ಷುಲ್ಲಕರಾದ ಅವರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನು ಪಡೆದರು.

ಆಗ ದಕ್ಷಿಣದಲ್ಲಿ ನಿರ್ಗ್ರಂಥ ಮುನಿಗಳು ಬೆರಳೆಣಿಕೆಯಷ್ಟೇ ಇದ್ದರು. ಅವರ ಆಹಾರಚರ್ಯೆಯಲ್ಲಿಯೂ ಶೈಥಿಲ್ಯವು ಸೇರಿಕೊಂಡಿತ್ತು. ಮುನಿಗಳು ಯಾವ ಮನೆಯಲ್ಲಿ ಆಹಾರ ಸ್ವೀಕರಿಸಬೇಕೆಂಬುದನ್ನು ಬಸದಿಯ ಉಪಾಧ್ಯೆಯೇ ಮುಂಚಿತವಾಗಿ ಗೊತ್ತುಮಾಡುತ್ತಿದ್ದನು; ಮುನಿಗಳು ವಸ್ತ್ರ ಹೊದ್ದು ಅಲ್ಲಿಗೆ ಹೋಗುತ್ತಿದ್ದರು. ಶಾಂತಿಸಾಗರರು ಇದನ್ನು ಒಪ್ಪಲಿಲ್ಲ. ತನಗಾಗಿಯೇ ಸಿದ್ಧವಾದ ಅನ್ನವು ಉದ್ದಿಷ್ಟ. ಅದನ್ನು ಸ್ವೀಕರಿಸಿದ ಮುನಿಯು ಆ ಅಡುಗೆಯ ಹಿಂಸೆಗೂ ಪಾಲುದಾರನಾಗುವನೆಂದು ಆಗಮವು ಹೇಳುತ್ತದೆ. ಅವರು ಯಾರಿಗೂ ತಿಳಿಸದೆ ಹೊರಟು, ಇಂಥ ಗುರುತು ಕಂಡರೆ ಮಾತ್ರ ನಿಲ್ಲುವೆನೆಂದು ಮನದೊಳಗೆ ಸಂಕಲ್ಪಿಸಿ, ವಿಧಿ ಕೂಡದಿದ್ದರೆ ಬಂದ ದಾರಿಯಲ್ಲಿಯೇ ಹಿಂದಿರುಗುತ್ತಿದ್ದರು. ಪಡಿಗಾಹಿಸುವ ಕ್ರಮವನ್ನೇ ಶ್ರಾವಕರು ಮರೆತಿದ್ದುದರಿಂದ ಮೊದಮೊದಲು ಅವರಿಗೆ ಉಪವಾಸಗಳೇ ಒದಗಿದವೆಂದು ಚರಿತ್ರಕಾರರು ಬರೆದಿದ್ದಾರೆ.

ಇದರ ಪರಿಣಾಮವು ಮುನಿಗಳಿಗಿಂತ ಹೆಚ್ಚಾಗಿ ಗೃಹಸ್ಥರ ಮೇಲಾಯಿತು. ಮಹಾರಾಜರು ಯಾವ ಬಾಗಿಲಲ್ಲಿ ನಿಲ್ಲುವರೆಂಬುದು ತಿಳಿಯದಾದಾಗ ಊರಿನ ಎಲ್ಲ ಮನೆಗಳಲ್ಲಿಯೂ ನೀರನ್ನು ಇಮ್ಮಡಿಸಿದ ಬಟ್ಟೆಯಲ್ಲಿ ಸೋಸಬೇಕಾಯಿತು, ಹಿಟ್ಟನ್ನು ಅಂದಂದಿಗೆ ಬೀಸಬೇಕಾಯಿತು, ರಾತ್ರಿಭೋಜನವನ್ನು ಬಿಡಬೇಕಾಯಿತು. ಒಬ್ಬ ಧನಿಕನ ಮನೆಗೆ ಮೀಸಲಾಗಿದ್ದ ಆಹಾರದಾನದ ಪುಣ್ಯವು ಬಡ ಶ್ರಾವಕಿಯ ಅಂಗಳದವರೆಗೂ ಬಂದಿತು. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದವನ್ನು ಪಡೆದ ಅವರು ಮುಂದೆ ಸಮ್ಮೇದಶಿಖರ್ಜಿಯವರೆಗೆ ವಿಹರಿಸಿದರು. ಹೋದೆಡೆಯಲ್ಲೆಲ್ಲ ನಿಂತು, ದಿನಕ್ಕೊಮ್ಮೆ, ಅಂಗೈಯಲ್ಲಿಯೇ ಆಹಾರ.

ಅವರ ಜೀವನದಲ್ಲಿ ಬಹು ಚರ್ಚೆಗೊಳಗಾದ ತ್ಯಾಗವೂ ಒಂದುಂಟು. ಮುಂಬಯಿ ಪ್ರಾಂತದ 1947ರ ಹರಿಜನ ದೇವಾಲಯ ಪ್ರವೇಶ ಶಾಸನವನ್ನು ಜಿನಮಂದಿರಗಳಿಗೂ ಅನ್ವಯಿಸಿದಾಗ, ಜೈನಧರ್ಮವು ಸ್ವತಂತ್ರ ಧರ್ಮವೆಂಬ ನಿಲುವಿನಿಂದ ಅವರು 1948ರಲ್ಲಿ ಧಾನ್ಯವನ್ನು ತ್ಯಜಿಸಿದರು; 1951ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದ ಮೇಲೆಯೇ ಅನ್ನವನ್ನು ಸ್ವೀಕರಿಸಿದರು. ವ್ರತದ ದೃಢತೆಯಲ್ಲಿ ಸಂದೇಹವಿಲ್ಲ. ಆದರೆ ಬಾಗಿಲ ಹೊರಗೆ ನಿಂತವರಿಗೆ ಆ ವ್ರತವು ಬೇರೆಯಾಗಿಯೇ ಕಂಡಿರಬೇಕು. ಪಶುಪಕ್ಷಿಗಳಿಗೂ ಎಡೆಯಿದ್ದ ಸಮವಸರಣವನ್ನು ಬಲ್ಲವರು ಇದನ್ನು ಕಡೆಗಣಿಸಲಾಗದು.

ವೃದ್ಧಾಪ್ಯದಲ್ಲಿ ದೃಷ್ಟಿಯು ಕುಂದಿತು. ಕಾಲಡಿಯ ಜೀವಿಯನ್ನು ಕಾಣದ ಕಣ್ಣಿನಿಂದ ಈರ್ಯಾಸಮಿತಿಯಾಗಲಿ, ಅಂಗೈಯ ತುತ್ತನ್ನು ಶೋಧಿಸಲಾಗದ ಕಣ್ಣಿನಿಂದ ಏಷಣಾಸಮಿತಿಯಾಗಲಿ ನಡೆಯದು. 1955ರಲ್ಲಿ ಕುಂಥಲಗಿರಿಯಲ್ಲಿ ಅವರು ಸಲ್ಲೇಖನವನ್ನು ಕೈಗೊಂಡರು. ಮೊದಲು ನೀರನ್ನು ಮಾತ್ರ ಸ್ವೀಕರಿಸುತ್ತಿದ್ದು, ಕಡೆಗೆ ಅದನ್ನೂ ಬಿಟ್ಟರು. ಸೆಪ್ಟೆಂಬರ್ 18ರಂದು, 36ನೆಯ ದಿನ, ಸಮಾಧಿಸ್ಥರಾದರು.