ಕಟ್ಟಿಗೆಯ ಲೆಕ್ಕ ಬರೆದ ಡಾಕ್ಟರ್: ಹ್ಯೂ ಕ್ಲೆಗ್‌ಹಾರ್ನ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೇ ಮಾಳಿಗೆ ಮನೆಯೊಳಗೆ ಹೋದವರಿಗೆ ಗೊತ್ತಿರುತ್ತೆ. ಸುತ್ತ ಕಲ್ಲು ಮಣ್ಣಿನ ದಪ್ಪ ಗೋಡೆ, ಆದ್ರೆ ಒಳಗೆ ಭಾರ ಹೊರೋದು ಕಟ್ಟಿಗೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮನೆ ಎಷ್ಟು ದೊಡ್ಡದು ಅಂತ ಹಿರಿಯರು ಹೇಳೋದು ಅಂಕಣದ ಲೆಕ್ಕದಲ್ಲಿ, ಅಂದ್ರೆ ಕಂಬದಿಂದ ಕಂಬಕ್ಕೆ ಇರುವ ಜಾಗದ ಲೆಕ್ಕದಲ್ಲಿ. ನಾವು ಕ್ಲಾಸಿನಲ್ಲಿ ಓದೋ ಫ್ರೇಮ್ ಸ್ಟ್ರಕ್ಚರ್ ಇದೇ ತಾನೆ?

ಆದ್ರೆ ಈ ಬಯಲುನಾಡಿನಲ್ಲಿ ಕಾಡಿಲ್ಲ. ಬೇವು, ಜಾಲಿ ಹೊಲದ ಬದುವಿನಲ್ಲಿ ಸಿಗುತ್ತವೆ. ಉದ್ದನೆಯ ನೆಟ್ಟಗಿನ ತೊಲೆಗೆ ಸಾಗವಾನಿ ಬೇಕಂದ್ರೆ ಹೊರಗಿನಿಂದಲೇ ತರಬೇಕು. ಆ ಸಾಗವಾನಿ ಯಾರಿಗೆ, ಎಷ್ಟು, ಯಾವ ದರಕ್ಕೆ ಅಂತ ಸರ್ಕಾರವೇ ತೀರ್ಮಾನಿಸುವ ಪದ್ಧತಿಗೆ ದಕ್ಷಿಣ ಭಾರತದಲ್ಲಿ ಅಡಿಪಾಯ ಹಾಕಿದವರಲ್ಲಿ ಮುಖ್ಯರು ಒಬ್ಬ ಡಾಕ್ಟರ್. ಅವರೇ ಹ್ಯೂ ಕ್ಲೆಗ್‌ಹಾರ್ನ್.

ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ, ಅಜ್ಜನ ಊರಾದ ಸ್ಟ್ರಾವಿಥಿಯಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರಾಗಿ ಮದ್ರಾಸಿಗೆ ಮರಳಿದರು. ಕೆಲವೇ ವರ್ಷಗಳಲ್ಲಿ ಮೈಸೂರು ಸೀಮೆಯ ಶಿವಮೊಗ್ಗಕ್ಕೆ ವರ್ಗವಾಯಿತು.

ಅವರ ಬದುಕು ತಿರುಗಿದ್ದು ಅಲ್ಲೇ. ರೋಗಿಗಳನ್ನು ನೋಡೋದರ ಜೊತೆಗೆ ದಿನಕ್ಕೊಂದು ಗಿಡವನ್ನು ಗಮನಿಸುವ ಅಭ್ಯಾಸ ಇಟ್ಟುಕೊಂಡರು. ಸ್ಥಳೀಯ ಕಲಾವಿದರಿಂದ ಆ ಗಿಡಗಳ ಚಿತ್ರ ಬರೆಸಿದರು. ಗಿಡ ನೋಡುತ್ತಾ ಹೋದಂತೆ ಕಾಡು ಕರಗುತ್ತಿರುವುದೂ ಕಣ್ಣಿಗೆ ಬಿತ್ತು. ಆರೋಗ್ಯ ಕೆಟ್ಟು ಬ್ರಿಟನ್ನಿಗೆ ಹೋದಾಗಲೂ ಆ ಚಿಂತೆ ಬಿಡಲಿಲ್ಲ. ಉಷ್ಣವಲಯದ ಕಾಡುಗಳ ನಾಶದ ಬಗ್ಗೆ 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಮುಂದೆ ಬಂದ ವರದಿಯಲ್ಲಿ ಅವರ ಕೈ ದೊಡ್ಡದು. ಆಮೇಲೆ ಮದ್ರಾಸಿಗೆ ಬಂದು ಸಸ್ಯಶಾಸ್ತ್ರ ಕಲಿಸಿದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು.

ಆ ಇಸವಿಯನ್ನು ಸ್ವಲ್ಪ ಗಮನಿಸಿ. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ, 1856ರಲ್ಲಿ ಮದ್ರಾಸಿನಿಂದ ಆರ್ಕಾಟ್ ಕಡೆಗೆ ರೈಲು ಓಡಿತ್ತು. ಒಂದು ಮೈಲಿ ಹಳಿಗೆ ಹೆಚ್ಚುಕಮ್ಮಿ 1,800ರಿಂದ 2,000 ಸ್ಲೀಪರ್ ಬೇಕು. ಔಷಧಿ ಹಾಕದೆ ಮಳೆ, ಬಿಸಿಲು, ಗೆದ್ದಲನ್ನು ತಡೆಯೋ ಕಟ್ಟಿಗೆ ನಮ್ಮ ದೇಶದಲ್ಲಿ ಕೆಲವೇ: ಸಾಗವಾನಿ, ಸಾಲ, ದೇವದಾರು. ಹಡಗಿಗೂ ಸಾಗವಾನಿಯೇ ಬೇಕು, ಸೇತುವೆಗೂ ಅದೇ, ಮನೆಯ ತೊಲೆಗೂ ಅದೇ. ಒಂದು ಸಾಗವಾನಿ ಬಲಿಯೋಕೆ ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲ ಬೇಕು. ಬೇಡಿಕೆ ಮಾತ್ರ ಒಂದೇ ದಶಕದಲ್ಲಿ ಏರಿತು.

ಕ್ಲೆಗ್‌ಹಾರ್ನ್ ಮಾಡಿದ್ದು ಈ ಲೆಕ್ಕ ಹೊಂದಿಸೋ ಕೆಲಸ. ಕಾಡು ಸುತ್ತಿ ಎಲ್ಲಿ ಎಷ್ಟು ಮರ ಉಳಿದಿದೆ ಅಂತ ಬರೆದರು. ಕಡಿಯೋಕೆ ಪರವಾನಗಿ, ಹೊಸ ನೆಡುತೋಪು, ಕಾವಲು ಎಲ್ಲವೂ ಇಲಾಖೆಯ ಕೈಗೆ ಬಂದವು. ಆಗ ಉತ್ತರ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಬೊಂಬಾಯಿಗೆ ಸೇರಿದ್ದು 1862ರಲ್ಲಿ. ಹಾಗಾಗಿ ಕಾಳಿ ನದಿಯ ದಾಂಡೇಲಿ ಸೀಮೆಯ ಸಾಗವಾನಿಯೂ ಅವರ ಲೆಕ್ಕದೊಳಗೇ ಬಂತು. ಈ ಅನುಭವವೆಲ್ಲ 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಬಗೆಗಿನ ಅವರ ಪುಸ್ತಕವಾಗಿ ಹೊರಬಂತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಈ ಲೆಕ್ಕದಲ್ಲಿ ಎಲ್ಲರೂ ಸಮ ಇರಲಿಲ್ಲ. ಕಾಡು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಕ್ಲೆಗ್‌ಹಾರ್ನ್ ಬಲವಾಗಿ ವಿರೋಧಿಸಿದರು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ರೈಲ್ವೆಯಿಂದ ಕಾಡಿಗೆ ಬೀಳುತ್ತಿರುವ ಹೊಡೆತವನ್ನೂ ಅವರು ಬಲ್ಲರು, ಬರೆದರು ಕೂಡ. ಆದ್ರೂ ರೈಲು ನಿಲ್ಲಲಿಲ್ಲ, ಕುಮರಿಗೆ ಕಡಿವಾಣ ಬಿತ್ತು. ಅದನ್ನೇ ನಂಬಿದ್ದ ಬಡವರ ಅನ್ನಕ್ಕೆ ಪೆಟ್ಟು ಬಿತ್ತು. ಕಾಡು ಉಳಿಸಿದವರು ಅಂತ ಅವರನ್ನು ಹೊಗಳುವಾಗ ನಾವು ಇದನ್ನೂ ಸೇರಿಸಿಯೇ ಹೇಳಬೇಕು.

1861ರ ನಂತರ ಅವರು ಪಂಜಾಬ್ ಮತ್ತು ಹಿಮಾಲಯದ ದೇವದಾರು ಕಾಡುಗಳ ಸಮೀಕ್ಷೆಗೆ ಹೋದರು. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ದೇಶದ ಮೊದಲ ಅರಣ್ಯ ಮಹಾನಿರೀಕ್ಷಕರಾದಾಗ ಅವರ ಜೊತೆ ದುಡಿದರು. ಆ ದಶಕದ ಕೊನೆಗೆ ಸ್ಕಾಟ್ಲೆಂಡಿಗೆ ಮರಳಿ, 1895ರಲ್ಲಿ ಸ್ಟ್ರಾವಿಥಿಯಲ್ಲೇ ತೀರಿಕೊಂಡರು.

ಅವರು ಭಾರತ ಬಿಟ್ಟ ಮೇಲೂ ವ್ಯವಸ್ಥೆ ಬೆಳೀತಾ ಹೋಯ್ತು. 1878ರ ಅರಣ್ಯ ಕಾಯ್ದೆ ಸರ್ಕಾರದ ಹಿಡಿತವನ್ನು ಬಿಗಿ ಮಾಡಿತು. 1884ರ ಹೊತ್ತಿಗೆ ಹೋಟಗಿಯಿಂದ ವಿಜಯಪುರ ದಾಟಿ ಗದಗದವರೆಗೆ ಹಳಿ ಬಿತ್ತು. ಕಾಡೇ ಇಲ್ಲದ ಇಂಡಿ ಸೀಮೆಗೂ ರೈಲು ಬಂತು. ಬಡವರ ಮನೆಗೆ ಮಾತ್ರ ಸಾಗವಾನಿ ಕೈಗೆಟುಕದ ವಸ್ತುವಾಗೇ ಉಳಿಯಿತು. ಇವತ್ತಿಗೂ ಹಳೇ ಮನೆ ಕೆಡವಿದಾಗ ಗೋಡೆಯ ಮಣ್ಣನ್ನು ಕೇಳೋರಿಲ್ಲ, ತೊಲೆ ಕಂಬಗಳಿಗೆ ಗಿರಾಕಿ ಇದ್ದೇ ಇರ್ತಾರೆ.

1993ರ ಕಿಲ್ಲಾರಿ ಭೂಕಂಪದಲ್ಲಿ ಇಂಥದೇ ಕಲ್ಲು ಮಣ್ಣಿನ ಮನೆಗಳು ಸಾವಿರಾರು ಜನರ ಮೇಲೆ ಕುಸಿದವು. ಆದ್ರೆ ಮಾಳಿಗೆಯ ಭಾರ ಕಟ್ಟಿಗೆಯ ಕಂಬಗಳ ಮೇಲಿದ್ದ ಎಷ್ಟೋ ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು. ಅದೇ 1993ರಲ್ಲಿ ಕಾಡು ಉಳಿಸೋಕೆ ಅಂತ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಕಟ್ಟಿಗೆ ಬಳಕೆಯನ್ನು ನಿಷೇಧಿಸಿತು. ಅದನ್ನು ತೆರವು ಮಾಡಿದ್ದು 2020ರಲ್ಲಿ. ಈಗ ಬಾಗಿಲು ತೆರೆದಿದೆ, ಆದ್ರೆ ಮಾರುಕಟ್ಟೆ ಎಲ್ಲಿ? ಐಎಸ್ 456, ಐಎಸ್ 800 ನಮಗೆ ಬಾಯಿಪಾಠ. ಕಟ್ಟಿಗೆ ವಿನ್ಯಾಸದ ಐಎಸ್ 883 ತೆರೆದು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಕ್ಲೆಗ್‌ಹಾರ್ನ್ ಜೀವನದಿಂದ ನಾವು ಕಲಿಯಬೇಕಾದ್ದು ಇಷ್ಟು: ಕಟ್ಟಿಗೆಯ ಮಾರುಕಟ್ಟೆ ಅಡ್ಡೆಯಲ್ಲಿ ಹುಟ್ಟೋದಿಲ್ಲ, ಎಷ್ಟೋ ವರ್ಷ ಮುಂಚೆ ನೆಟ್ಟ ಗಿಡದಲ್ಲಿ ಹುಟ್ಟುತ್ತೆ. ಇವತ್ತು ನಮ್ಮ ರೈತರು ಹೆಬ್ಬೇವು, ಸಾಗವಾನಿ ಬೆಳೀತಿದ್ದಾರೆ. ಆ ಕಟ್ಟಿಗೆಯನ್ನು ಒಣಗಿಸಿ, ಸಂಸ್ಕರಿಸಿ, ಬಲ ಪರೀಕ್ಷಿಸಿ, ದರ್ಜೆ ಕೊಟ್ಟು ಬಡವರ ಮನೆಯ ತೊಲೆಯಾಗಿಸೋ ಕೆಲಸ ಇಂಜಿನಿಯರರದ್ದು. ಅವರ ಲೆಕ್ಕದಲ್ಲಿ ಬಿಟ್ಟುಹೋದ ಬಡವರನ್ನು ನಮ್ಮ ಲೆಕ್ಕದಲ್ಲಾದರೂ ಮೊದಲು ಬರೆಯೋಣ.