ವಕೀಲರ ಅಚ್ಚುಕೂಟ

ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿಯಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಮುಂಬಯಿಯಲ್ಲಿ ಉನ್ನತ ವ್ಯಾಸಂಗವನ್ನು ಪೂರೈಸಿ 1904ರಲ್ಲಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಳಕಟ್ಟಿಯವರು, ಬೆಳಗಾವಿಯಲ್ಲಿ ಕೆಲಕಾಲವಿದ್ದು ಬಳಿಕ ವಿಜಾಪುರದಲ್ಲಿ ನೆಲೆಸಿದರು. ನಲವತ್ತು ದಾಟುವ ವೇಳೆಗೆ ನ್ಯಾಯಾಲಯದಲ್ಲಿ ಹೆಸರು, ಊರಿನ ವಿದ್ಯಾಸಂಸ್ಥೆಯಲ್ಲಿಯೂ ಸಹಕಾರಿ ಬ್ಯಾಂಕಿನಲ್ಲಿಯೂ ಹಿರಿತನ, ಮುಂಬಯಿ ಶಾಸನಸಭೆಯ ಸದಸ್ಯತ್ವ ಎಲ್ಲವೂ ಅವರಿಗೆ ಲಭಿಸಿದ್ದುವು. ಗೃಹಸ್ಥನೊಬ್ಬನು ಇನ್ನು ವಿಶ್ರಮಿಸಬಹುದೆಂದು ಭಾವಿಸುವ ಕಾಲವದು.

ಆದರೆ ಅವರ ಮನಸ್ಸು ಬೇರೆಡೆ ನೆಟ್ಟಿದ್ದಿತು. ಮನೆಮನೆಗಳ ಜಗಲಿಯ ಮೇಲೆ ವಿಭೂತಿ, ಪತ್ರೆಗಳೊಡನೆ ಪೂಜೆಗೊಳ್ಳುತ್ತ, ಆದರೆ ಓದುವವರಿಲ್ಲದೆ ಹುಳುಗಳಿಗೆ ಆಹಾರವಾಗುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಅವರು ವರ್ಷಗಳಿಂದ ಅರಸುತ್ತಿದ್ದರು. ಪದಗಳ ನಡುವೆ ತೆರಪಿಲ್ಲದ ಆ ಬರಹವನ್ನು ಬಿಡಿಸಿ, ಪ್ರತಿಗೆ ಪ್ರತಿಯನ್ನು ಹೋಲಿಸಿ, ಪಾಠವನ್ನು ನಿರ್ಣಯಿಸಬೇಕು. ಸಾಕ್ಷಿಗಳನ್ನು ತೂಗಿ ನೋಡುವ ವಕೀಲರ ಅಭ್ಯಾಸವು ಇಲ್ಲಿ ವ್ಯರ್ಥವಾಗಲಿಲ್ಲ. ಹೀಗೆ ಸಿದ್ಧವಾದ ಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಲು, ಅದು ಅಚ್ಚಾಗದೆ ಹಿಂದಿರುಗಿತು. ಕಡೆಗೆ 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು.

ಒಂದು ಗ್ರಂಥಕ್ಕೇ ಇಷ್ಟು ಅಲೆದಾಟವಾದರೆ, ಉಳಿದ ರಾಶಿಯ ಗತಿಯೇನು? ಹಳಕಟ್ಟಿಯವರು ತಮ್ಮ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಆಗ ಅವರ ವಯಸ್ಸು ನಲವತ್ತೈದು.

ಮುದ್ರಣವು ಹೊರಗಿನಿಂದ ಕಾಣುವಷ್ಟು ಸುಲಭದ ವೃತ್ತಿಯಲ್ಲ. ಕನ್ನಡಕ್ಕಂತೂ ಆಗ ಅಕ್ಷರ, ಗುಣಿತ, ಒತ್ತುಗಳಿಗಾಗಿ ನೂರಾರು ಬಗೆಯ ಅಚ್ಚುಮೊಳೆಗಳು ಬೇಕಾಗಿದ್ದುವು. ಒಂದೊಂದನ್ನೂ ಕೈಯಿಂದಲೇ ಆಯ್ದು ಜೋಡಿಸಬೇಕಾಗಿದ್ದಿತು. ಒತ್ತಕ್ಷರವೊಂದು ತಪ್ಪಿದರೆ ವಚನದ ಅರ್ಥವೇ ಕೆಡುವುದುಂಟು. ಆದುದರಿಂದ ಕರಡನ್ನು ಬಲ್ಲವರೇ ತಿದ್ದಬೇಕು. ಕಾಗದದ ಬೆಲೆ, ಕೆಲಸಗಾರರ ಸಂಬಳ ಯಾವುದೂ ಪುಸ್ತಕ ಮಾರಾಟವಾಗುವವರೆಗೆ ಕಾಯುವುದಿಲ್ಲ. ವಚನಗಳನ್ನು ಕೊಂಡು ಓದುವವರಾದರೋ ಆಗ ಬೆರಳೆಣಿಕೆಯಷ್ಟು. ಅವರ ಬಡತನವನ್ನು ವೈರಾಗ್ಯವೆಂದು ಕೊಂಡಾಡುವ ರೂಢಿಯಿದೆ; ವಾಸ್ತವವಾಗಿ ಅದು ಈ ಲೆಕ್ಕದ ಶೇಷವಾಗಿದ್ದಿತು. ಸ್ವಂತ ಮನೆಯಲ್ಲಿದ್ದ ಕುಟುಂಬವು ಬಾಡಿಗೆಯ ಮನೆಗೆ ಹೋಯಿತು. ಆ ತ್ಯಾಗದಲ್ಲಿ ಮಡದಿಮಕ್ಕಳ ಪಾಲೆಷ್ಟೆಂಬುದನ್ನು ಬರೆದವರು ಕಡಿಮೆ.

1926ರಲ್ಲಿ 'ಶಿವಾನುಭವ' ಪತ್ರಿಕೆಯೂ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆಯೂ ಹೊರಟುವು. ಆ 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯು ಅವರನ್ನು ಅರಸಿ ಬಂದಿತು. ಸರಕಾರದ ಬಿರುದುಗಳೂ ಬಂದುವು. ಅವುಗಳಿಂದ ಕಾಗದದ ಸಾಲವೇನೂ ತೀರಲಿಲ್ಲ. ಹರಿಹರನ ರಗಳೆಗಳು, ಹೆಸರೇ ಮರೆತುಹೋಗಿದ್ದ ಅನೇಕ ಶರಣರ ವಚನಗಳು ಒಂದೊಂದಾಗಿ ಬೆಳಕು ಕಂಡುವು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿದಾಗ ಅವರಿಗೆ ಎಪ್ಪತ್ತಾರು ವರ್ಷ. 1964ರ ಜೂನ್ ತಿಂಗಳಲ್ಲಿ ವಿಜಾಪುರದಲ್ಲಿ ಅವರು ಲಿಂಗೈಕ್ಯರಾದರು.